ಜೋಡಿ ಏಟು

ಪ್ಲೇಟು ಬಡಿಯುವುದು ಒಬ್ಬರಿಂದ ಆಗುವ ಕೆಲಸವಲ್ಲ. ಒಂದು ಹಗಲು, ಒಂದು ರಾತ್ರಿ ದ್ರಾವಣದ ತೊಟ್ಟಿಯಲ್ಲಿ ನೇತಾಡಿ, ಕರೆಂಟು ಹರಿಸಿಕೊಂಡು ಮೇಲೆ ಬಂದ ಸ್ಟೀಲಿನ ತಗಡಿನ ಎರಡೂ ಮೈಗೆ ಮ್ಯಾಂಗನೀಸು ಗಾಯದ ಹಕ್ಕಳೆಯಂತೆ ಕಚ್ಚಿಕೊಂಡಿರುತ್ತದೆ. ತೊಳೆದು ಒಣಗಿಸಿದ ಆ ತಗಡನ್ನು ಕಬ್ಬಿಣದ ಚೌಕಟ್ಟಿಗೆ ತೂಗುಹಾಕಿ, ಈ ಬದಿಗೊಬ್ಬಳು ಆ ಬದಿಗೊಬ್ಬಳು ನಿಂತು ರಬ್ಬರ್ ಕೊಡತಿಯಿಂದ ಏಟು ಹಾಕಬೇಕು. ಈಚೆಯ ಏಟಿಗೆ ಪ್ಲೇಟು ಅತ್ತ ಬಾಗುವಷ್ಟರಲ್ಲಿ ಆಚೆಯ ಏಟು ಬೀಳಬೇಕು. ಜೋಡಿ ಕೂಡಿದರೆ ಲೋಹವು ಬೂದು ಬೆಳ್ಳಿಯ ಚಕ್ಕೆಗಳಾಗಿ ಚಟಚಟ ಸಿಡಿದು ಕೆಳಗಿನ ಟ್ರೇಗೆ ಉದುರುತ್ತದೆ. ತಪ್ಪಿದರೆ ಪ್ಲೇಟು ಸೊಟ್ಟಗಾಗುತ್ತದೆ. ಸೊಟ್ಟ ಪ್ಲೇಟು ಮತ್ತೆ ತೊಟ್ಟಿಗಿಳಿದರೆ ಪಕ್ಕದ್ದಕ್ಕೆ ತಾಗಿ ಸುಡುತ್ತದೆ; ಆಮೇಲೆ ಮೇಸ್ತ್ರಿಯ ಬಾಯಿಗೆ ಸಿಕ್ಕವರ ಪಾಡು ಕೇಳುವುದು ಬೇಡ.

ಚಕ್ಕೆ ಕೋಣೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಕೂಡುತ್ತಿದ್ದ ಜೋಡಿ ಅತ್ತಿಗೆ ಮತ್ತು ಗಿಳಿಯದು. ಗಿಳಿ ಅತ್ತಿಗೆಯ ಗಂಡನ ತಂಗಿ. ಅವಳು ಕೂಗುವುದನ್ನು ಕೇಳಿ ಕೇಳಿ ಕೋಣೆಯ ಹೆಂಗಸರಿಗೆಲ್ಲ ಆಕೆ ಅತ್ತಿಗೆಯೇ ಆಗಿಹೋಗಿದ್ದಳು. ಅವಳಿಗಿಂತ ಹಿರಿಯನಾದ ಮೇಸ್ತ್ರಿ ಕೂಡ "ಅತ್ತಿಗೇ, ಇವತ್ತು ಕೊನೇ ಸಾಲು ನಿಮ್ದು" ಅನ್ನುತ್ತಿದ್ದ. ಗಿಳಿಗೆ ಆ ಹೆಸರನ್ನು ಯಾರು ಇಟ್ಟರೆಂಬುದು ಯಾರಿಗೂ ನೆನಪಿರಲಿಲ್ಲ. ಯಾಕೆ ಇಟ್ಟರೆಂದು ಮಾತ್ರ ಅವಳ ಪಕ್ಕ ಒಂದು ಗಳಿಗೆ ನಿಂತವರಿಗೆಲ್ಲ ತಿಳಿಯುತ್ತಿತ್ತು.

ಗಂಡನನ್ನು ಬಿಟ್ಟು, ಒಂದು ಟ್ರಂಕು ಹಿಡಿದುಕೊಂಡು ಗಿಳಿ ಅಣ್ಣನ ಮನೆಗೆ ಬಂದು ನಿಂತ ದಿನ ಅತ್ತಿಗೆಗೇನೂ ಖುಷಿಯಾಗಿರಲಿಲ್ಲ. ಎರಡೇ ಕೋಣೆಯ ಮನೆ. ಗಂಡ ಬೀಗ ರಿಪೇರಿಯವನು, ಪುಣ್ಯವಂತ, ಯಾವ ಚಟವೂ ಇಲ್ಲ, ಮಾತೂ ಇಲ್ಲ. ಊಟಕ್ಕೆ ಕೂತರೆ "ಹೂಂ", ಎದ್ದರೆ "ಸಾಕು". ಆ ಮೌನಕ್ಕೆ ಅವಳು ಎಷ್ಟು ಒಗ್ಗಿಹೋಗಿದ್ದಳೆಂದರೆ, ಅದು ತನಗೆ ಭಾರವಾಗಿದೆ ಎಂಬುದೇ ಗೊತ್ತಿರಲಿಲ್ಲ. ಗಿಳಿ ಬಂದ ಮೂರನೆಯ ದಿನವೋ ನಾಲ್ಕನೆಯ ದಿನವೋ ಊಟದ ಹೊತ್ತಿನಲ್ಲಿ ಅಂದಳು:

"ನಮ್ಮಣ್ಣ ಊರವರ ಬೀಗ ಎಲ್ಲಾ ತೆಗೀತಾನೆ ಅತ್ತಿಗೆ. ತನ್ನ ಬಾಯಿದು ಮಾತ್ರ ಕೀಲಿ ಎಲ್ಲೋ ಬೀಳಿಸ್ಕೊಂಡಿದಾನೆ."

ನೀರು ಕುಡಿಯುತ್ತಿದ್ದ ಅತ್ತಿಗೆಗೆ ನೆತ್ತಿಗೇರಿತು. ಕೆಮ್ಮಿ, ನಕ್ಕು, ಕಣ್ಣೊರೆಸಿಕೊಂಡು ನೋಡಿದರೆ ಗಂಡನ ಭುಜಗಳೂ ಕುಲುಕುತ್ತಿದ್ದವು. ಆ ಮನೆಯಲ್ಲಿ ಅಷ್ಟು ಜೋರಾಗಿ ನಕ್ಕು ಎಷ್ಟು ಕಾಲವಾಗಿತ್ತು ಎಂದು ಅವಳು ಆ ರಾತ್ರಿ ಯೋಚಿಸಿದಳು. ಮರುವಾರವೇ ಮೇಸ್ತ್ರಿಗೆ ಹೇಳಿ ಗಿಳಿಯನ್ನು ಚಕ್ಕೆ ಕೋಣೆಗೆ ಸೇರಿಸಿದಳು. ತನ್ನ ಪ್ಲೇಟಿನ ಆಚೆ ಬದಿಗೆ.

ಹೊಸಬರಿಗೆಲ್ಲ ಸುರಕ್ಷತೆಯ ಪಾಠ ಇರುತ್ತಿತ್ತು. ಕನ್ನಡಕದ ಎಂಜಿನಿಯರು ಒಂದು ಹಿಡಿ ಚಕ್ಕೆಯನ್ನು ಅಂಗೈಯಲ್ಲಿಟ್ಟುಕೊಂಡು ಹೇಳುತ್ತಿದ್ದ. ಈ ಲೋಹ ಗಾಜಿನ ಮೇಲೆ ಗೀರು ಎಳೆಯುವಷ್ಟು ಗಟ್ಟಿ, ಆದರೆ ಬಗ್ಗಿಸಲು ಹೋದರೆ ಬಗ್ಗದೆ ಮುರಿಯುತ್ತದೆ. ಒಂಟಿಯಾಗಿ ಇದರಿಂದ ಒಂದು ಚಮಚವನ್ನೂ ಮಾಡಲಾಗದು. ಉಕ್ಕಿಗೆ ಬೆರೆಸಿದರೆ ಮಾತ್ರ ಇದರ ಗುಣ ಕಾಣುವುದು. ಇದಿಲ್ಲದ ಉಕ್ಕು ಕೆಂಪಗೆ ಕಾದಾಗ ಬಿರುಕು ಬಿಡುತ್ತದೆ. ಸ್ವಲ್ಪ ಹೆಚ್ಚು ಬೆರೆಸಿದ ಉಕ್ಕಂತೂ ಏಟು ತಿಂದಷ್ಟೂ ಗಟ್ಟಿಯಾಗುತ್ತಾ ಹೋಗುತ್ತದೆ. ರೈಲು ಹಳಿಗಳು ಕವಲೊಡೆಯುವಲ್ಲಿ, ಕಲ್ಲು ಪುಡಿಮಾಡುವ ಯಂತ್ರದ ಹಲ್ಲುಗಳಲ್ಲಿ ಅದನ್ನೇ ಹಾಕುವುದು. ನೀವು ಕುಡಿದು ಬಿಸಾಡುವ ತಂಪು ಪಾನೀಯದ ಡಬ್ಬಿಯಲ್ಲೂ ಚೂರು ಇದೆ.

"ಬಗ್ಗು ಅಂದ್ರೆ ಮುರ್ಕೋತೀನಿ ಅನ್ನೋದು, ಏಟು ತಿಂದಷ್ಟೂ ಗಟ್ಟಿ ಆಗೋದು," ಗಿಳಿ ಪಿಸುಗುಟ್ಟಿದಳು. "ನಮ್ಮಮ್ಮನ ಕಡೆಯವರ ಪೈಕಿ ಇರ್ಬೇಕು ಅತ್ತಿಗೆ ಇದು."

ಎಂಜಿನಿಯರು ಮುಂದುವರಿಸಿದ. ಒದ್ದೆ ಚಕ್ಕೆಯನ್ನು ಡ್ರಮ್ಮಿಗೆ ತುಂಬಿ ಮುಚ್ಚಬಾರದು, ಒಳಗೆ ಅನಿಲ ಹುಟ್ಟುತ್ತದೆ. ಸಣ್ಣ ಪುಡಿಗೆ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ, ಆಗ ನೀರು ಎರಚಬಾರದು, ಒಣ ಮರಳು ಸುರಿಯಬೇಕು. ತೊಟ್ಟಿಯ ಆಸಿಡ್ ಮೈಗೆ ತಾಗಬಾರದು. ಧೂಳು ಉಸಿರಿಗೆ ಹೋಗಬಾರದು, ಆದ್ದರಿಂದ ಮಾಸ್ಕು ತೆಗೆಯಬಾರದು.

ಹೆಂಗಸರು ಕಿಡಿಗೆ ಹೆದರಿದರು, ಆಸಿಡ್ಡಿಗೆ ಹೆದರಿದರು. ಆಸಿಡ್ ತಾಗಿದ ಕೈ ಆಗಲೇ ಚುರ್ರೆನ್ನುತ್ತದೆ. ಧೂಳು ಯಾರನ್ನೂ ಕಚ್ಚಲಿಲ್ಲ. ಪೌಡರಿನ ಹಾಗೆ ಕೆನ್ನೆಯ ಮೇಲೆ ಕೂತುಕೊಳ್ಳುತ್ತಿತ್ತು, ಸಂಜೆ ತೊಳೆದರೆ ಹೋಗುತ್ತಿತ್ತು.

ಮಾಸ್ಕು ಹಾಕಿಕೊಂಡರೆ ಗಿಳಿಗೆ ಮಾತಾಡಲಾಗುತ್ತಿರಲಿಲ್ಲ. ಅದನ್ನು ಗಲ್ಲಕ್ಕೆ ಇಳಿಸಿಕೊಂಡೇ ಅವಳು ಕೊಡತಿ ಎತ್ತುತ್ತಿದ್ದದ್ದು. ಉಳಿದವರು ಮೂಗು ಬಾಯಿ ಮುಚ್ಚಿಕೊಂಡು, ಕಣ್ಣಲ್ಲೇ ನಗುತ್ತಾ ಕೇಳುತ್ತಿದ್ದರು. ಕೆಳಮನೆಯ ನಿವೃತ್ತ ಪೋಸ್ಟ್‌ಮ್ಯಾನು ಮತ್ತು ಅವನ ಹೆಂಡತಿಯ ಕತೆ ಅಲ್ಲಿ ದಿನವಹಿ ನಡೆಯುತ್ತಿತ್ತು. ಆ ಗಂಡ ಹೆಂಡಿರು ಜಗಳವಾಡಿ ಮಾತು ಬಿಟ್ಟಿದ್ದರು; ಹೇಳಬೇಕಾದ್ದನ್ನೆಲ್ಲ ಮನೆಯ ಬೆಕ್ಕಿಗೆ ಹೇಳುತ್ತಿದ್ದರು.

"ನಿನ್ನೆ ಆ ಮನುಷ್ಯ ಬೆಕ್ಕಿಗೆ ಹೇಳ್ತಾನೆ, 'ನೋಡಮ್ಮಾ, ಕೆಲವರಿಗೆ ಉಪ್ಪು ಅನ್ನೋ ಪದಾರ್ಥ ಇದೆ ಅನ್ನೋದೇ ಮರ್ತುಹೋಗಿದೆ.' ಏಟು ಹಾಕು ಅತ್ತಿಗೆ! ಅದಕ್ಕೆ ಇವ್ಳು ಬೆಕ್ಕನ್ನ ಎತ್ಕೊಂಡು ಅಂತಾಳೆ, 'ಕೆಲವರಿಗೆ ನಾಲಿಗೆ ಸತ್ತುಹೋದ್ರೂ ಮಾತು ಸತ್ತಿಲ್ಲ ಪುಟ್ಟಾ.' ಇನ್ನೊಂದು ಏಟು! ಪಾಪ ಬೆಕ್ಕು, ಇಬ್ಬರ ಮುಖಾನೂ ನೋಡಿ ನೋಡಿ ಕೊನೆಗೆ ನಮ್ಮನೆಗೆ ಬಂದು ಮಲಗಿಬಿಡ್ತು."

ಅವಳ ಮಾತಿನ ಏರಿಳಿತಕ್ಕೆ ಸರಿಯಾಗಿ ಕೊಡತಿಗಳು ಬೀಳುತ್ತಿದ್ದವು. ಪ್ಲೇಟುಗಳು ಬರಿದಾದದ್ದೇ ತಿಳಿಯುತ್ತಿರಲಿಲ್ಲ. ಬೆಳಗ್ಗೆ ಎದ್ದಾಗ ಕೆಲಸಕ್ಕೆ ಹೋಗಬೇಕಲ್ಲಾ ಎಂದು ಬೇಸರಪಡುತ್ತಿದ್ದ ಅತ್ತಿಗೆ, ಈಗ ಗಿಳಿಗಿಂತ ಮೊದಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿರುತ್ತಿದ್ದಳು. ತನ್ನ ಬಾಳಿನಲ್ಲಿ ತಡವಾಗಿ ಬಂದ ಒಂದೇ ಒಂದು ಸುಖ ಇದು ಎಂದು ಅವಳಿಗೆ ಅನ್ನಿಸುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಗಿಳಿಗೂ.

ಹೀಗಿರುವಾಗ ಕಾರ್ಖಾನೆಯವರು ಧೂಳೆಳೆಯುವ ಯಂತ್ರ ತಂದು ಕೂರಿಸಿದರು. ಪ್ರತಿ ಚೌಕಟ್ಟಿನ ಮೇಲೂ ಆನೆಯ ಸೊಂಡಿಲಿನಂಥ ಒಂದು ಕೊಳವೆ. ಗುಂಡಿ ಒತ್ತಿದರೆ ಸಾಕು, ಕೋಣೆಯ ಗಾಳಿ ತಿಳಿಯಾಗುತ್ತಿತ್ತು. ಆದರೆ ಅದರ ಭೋರ್ಗರೆತಕ್ಕೆ ಪಕ್ಕದವಳು ಕಿರುಚಿದರೂ ಕೇಳಿಸುತ್ತಿರಲಿಲ್ಲ. ಗಿಳಿ ಎರಡು ದಿನ ಬಾಯಿ ಬಡಿದುಕೊಂಡು, ಗಂಟಲು ಕಟ್ಟಿ, ಸುಮ್ಮನಾದಳು. ಏಟುಗಳು ಅಡ್ಡಾದಿಡ್ಡಿ ಬಿದ್ದವು. ಸೊಟ್ಟ ಪ್ಲೇಟುಗಳು ಹೆಚ್ಚಿದವು. ಹೆಂಗಸರು ಒಬ್ಬರನ್ನೊಬ್ಬರು ನೋಡಿ ಹುಬ್ಬು ಗಂಟಿಕ್ಕುತ್ತಿದ್ದರು.

ಮೇಸ್ತ್ರಿಯ ಬಳಿಗೆ ಹೋದವಳು ಅತ್ತಿಗೆ.

"ಮಧ್ಯಾಹ್ನ ಊಟ ಆದ್ಮೇಲೆ ಸ್ವಲ್ಪ ಹೊತ್ತು ಅದನ್ನ ನಿಲ್ಸಿ ಮೇಸ್ತ್ರಿ. ತಲೆ ಸಿಡೀತಿದೆ ಎಲ್ಲರಿಗೂ. ಜೋಡಿ ಕೂಡ್ತಿಲ್ಲ."

"ತಲೆ ಸಿಡೀತಿದೆಯೋ, ಗಿಳಿ ರೇಡಿಯೋ ಕೇಳಿಸ್ತಿಲ್ವೋ?"

"ಎರಡೂ ಅಂತ ಇಟ್ಕೊಳಿ."

ಮೇಸ್ತ್ರಿ ಕೆನ್ನೆ ಕೆರೆದುಕೊಂಡ. ಅವನೂ ಬಾಗಿಲಿಗೆ ಒರಗಿಕೊಂಡು ಬೆಕ್ಕಿನ ಕತೆ ಕೇಳುತ್ತಿದ್ದವನೇ. "ಸಾಹೇಬರು ಬರೋ ಸುಳಿವು ಸಿಕ್ರೆ ಹಾಕ್ಬಿಡ್ಬೇಕು ಮತ್ತೆ. ನನ್ನ ಹೊಟ್ಟೆ ಮೇಲೆ ಹೊಡೀಬೇಡಿ," ಅಂದ.

ಮೊದಲು ಊಟವಾದ ಮೇಲೆ ಸ್ವಲ್ಪ ಹೊತ್ತು ನಿಲ್ಲಿಸುತ್ತಿದ್ದರು. ಬರಬರುತ್ತಾ ಬೆಳಗ್ಗೆಯೂ. ಕೊನೆಗೆ ಸಾಹೇಬರು ಬಂದಾಗ ಮಾತ್ರ ಹಾಕುವುದು ರೂಢಿಯಾಯಿತು. ಯಾರಿಗೂ ಅದು ತಪ್ಪೆಂದು ತೋರಲಿಲ್ಲ. ಒಂದು ಗದ್ದಲ ತಪ್ಪಿತು, ಅಷ್ಟೆ. ವರ್ಷಗಳು ಹೀಗೆ ಹೋದವು.

ಗಿಳಿಯ ಕೈ ತಡವಾಗುತ್ತಿದೆ ಎಂಬುದು ಮೊದಲು ತಿಳಿದದ್ದು ಅತ್ತಿಗೆಯ ಕೈಗೆ. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ತನ್ನ ಏಟು ಬಿದ್ದು, ಪ್ಲೇಟು ಅತ್ತ ಬಾಗಿ, ಅಲ್ಲಿಂದ ಉತ್ತರ ಬರುವಾಗ ಒಂದು ಕೂದಲೆಳೆಯಷ್ಟು ತಡ. ನಿದ್ದೆಗೆಟ್ಟಿರಬೇಕು ಅಂದುಕೊಂಡಳು. ಆಮೇಲೆ ಅದು ದಿನವೂ ಆಯಿತು. ಗಿಳಿ ಸಣ್ಣ ಮಾತಿಗೆ ಸಿಡುಕತೊಡಗಿದಳು. ಕೆಲವೊಮ್ಮೆ ನಗುವಂಥದ್ದೇನೂ ಇಲ್ಲದಾಗ ನಗು ಬಂದು ನಿಲ್ಲುತ್ತಲೇ ಇರಲಿಲ್ಲ. ವಯಸ್ಸು, ಮುಟ್ಟು ನಿಲ್ಲುವ ಕಾಲ ಅಂದರು ಹೆಂಗಸರು. ಅತ್ತಿಗೆಯೂ ಹಾಗೇ ಅಂದಳು. ಹಾಗೆ ಅನ್ನುತ್ತಲೇ ತನ್ನ ಏಟಿನ ಗತಿಯನ್ನು ತಗ್ಗಿಸಿದಳು.

ಕೈ ನಿಧಾನವಾದವರನ್ನು ಚಕ್ಕೆ ಕೋಣೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಅಂಗಳದಾಚೆಯ ಪ್ಯಾಕಿಂಗಿಗೆ ಕಳಿಸುತ್ತಿದ್ದರು. ಅದೇನೂ ಶಿಕ್ಷೆಯಲ್ಲ, ಕೂತು ಚೀಲ ಹೊಲಿಯುವ ಕೆಲಸ. ಆದರೆ ಗಿಳಿ ಅಲ್ಲಿಗೆ ಹೋದರೆ ಪ್ಲೇಟಿನ ಆಚೆ ಬದಿಗೆ ಬೇರೆ ಯಾರೋ ಬಂದು ನಿಲ್ಲುತ್ತಾರೆ.

"ಯಾಕೆ ಅತ್ತಿಗೇ, ನಿಮ್ಮ ಜೋಡಿ ಇತ್ತೀಚೆಗೆ ಆಮೆ ಹಾಗೆ ಆಗಿದೆ?" ಮೇಸ್ತ್ರಿ ಒಂದು ದಿನ ಕೇಳಿದ.

"ನನ್ನ ಭುಜ ಹಿಡ್ಕೊಂಡಿದೆ ಮೇಸ್ತ್ರಿ. ಅವಳದ್ದೇನೂ ಇಲ್ಲ, ನಾನೇ ನಿಧಾನ."

ಅಷ್ಟು ಸಲೀಸಾಗಿ ಬಂತು ಆ ಮಾತು. ಎಷ್ಟು ಸಲೀಸೆಂದರೆ ಗಿಳಿಯೂ ನಂಬಿದಳು. ಆ ಸಂಜೆ ಎಣ್ಣೆ ಬಿಸಿಮಾಡಿ ತಂದು ಅತ್ತಿಗೆಯ ಭುಜ ತಿಕ್ಕಲು ಕೂತಳು. "ಇಷ್ಟು ದಿನ ಬಾಯ್ಬಿಟ್ಟು ಹೇಳ್ಬಾರ್ದಾ? ನಿನ್ನ ಕೈ ನೋಡ್ಕೊಂಡೇ ಇನ್ಮೇಲೆ ಬಡೀತೀನಿ, ಆತುರ ಬೇಡ," ಅಂದಳು. ಬೆರಳುಗಳಲ್ಲಿ ಮೊದಲಿನ ಬಿಗಿ ಇರಲಿಲ್ಲ. ಅತ್ತಿಗೆ ಕಣ್ಣು ಮುಚ್ಚಿ, ಇಲ್ಲದ ನೋವಿಗೆ ಎಣ್ಣೆ ಹಚ್ಚಿಸಿಕೊಂಡಳು. ಬೇಡ ಎನ್ನಬೇಕೆನ್ನಿಸಿತು. ಅನ್ನಲಿಲ್ಲ.

ಆಮೇಲೆ ಅದೊಂದು ವ್ಯವಸ್ಥೆಯೇ ಆಯಿತು. ಅತ್ತಿಗೆ ಎಲ್ಲರಿಗಿಂತ ಬೇಗ ಬಂದು ಒಬ್ಬಳೇ ಎರಡೂ ಬದಿ ಓಡಾಡಿ ಒಂದಷ್ಟು ಪ್ಲೇಟು ಮುಗಿಸಿಡುತ್ತಿದ್ದಳು. ಸೊಟ್ಟಗಾದದ್ದನ್ನು ಮೊಣಕಾಲಿಗೆ ಒತ್ತಿ ನೆಟ್ಟಗೆ ಮಾಡುತ್ತಿದ್ದಳು. ತನ್ನ ಏಟನ್ನು ಬೇಕೆಂದೇ ತಡೆದು, ಗಿಳಿಯ ಕೊಡತಿ ಎದ್ದದ್ದು ಕಂಡ ಮೇಲೆ ಬಿಡುತ್ತಿದ್ದಳು. ಹೊರಗಿನಿಂದ ನೋಡಿದವರಿಗೆ ಜೋಡಿ ಮೊದಲಿನಂತೆಯೇ ಕೂಡುತ್ತಿತ್ತು. ವರ್ಷಕ್ಕೊಮ್ಮೆ ಕಾರ್ಖಾನೆಯ ಡಾಕ್ಟರು ಬಂದು ಎದೆ, ಕಣ್ಣು, ನಾಲಿಗೆ ನೋಡಿ ಹೋದ. "ಏನಾದ್ರೂ ತೊಂದರೆ?" ಎಂದು ಅವನು ಕೇಳಿದಾಗ ಗಿಳಿಯ ಪರವಾಗಿ "ಏನೂ ಇಲ್ಲ, ಮಾತೊಂದೇ ತೊಂದರೆ" ಎಂದು ನಗಿಸಿದವಳೂ ಅತ್ತಿಗೆಯೇ.

ಆದರೆ ಮಾತು ಆಗಲೇ ಕಡಿಮೆಯಾಗಿತ್ತು. ದನಿ ತಗ್ಗಿ, ಏರಿಳಿತ ಹೋಗಿ, ಬೆಕ್ಕಿನ ಕತೆ ರೈಲಿನ ವೇಳೆ ಓದಿ ಹೇಳಿದಂತೆ ಕೇಳಿಸುತ್ತಿತ್ತು. ಹೆಂಗಸರು ಮರ್ಯಾದೆಗೆ ನಗುತ್ತಿದ್ದರು. ಯಂತ್ರ ನಿಂತೇ ಇರುತ್ತಿತ್ತು. ಅವಳ ಸಣ್ಣ ದನಿ ಕೇಳಬೇಕಾದರೆ ಈಗ ಅದು ನಿಂತಿರಲೇಬೇಕಿತ್ತು.

ಗಿಳಿ ಬಿದ್ದದ್ದು ಮನೆಯ ಬಚ್ಚಲಿನಲ್ಲಿ. ಜಾರಿದ್ದಲ್ಲ. ಬಾಗಿಲು ತೆರೆಯಲೆಂದು ಒಂದು ಹೆಜ್ಜೆ ಹಿಂದಿಟ್ಟವಳು ಮರದ ಹಲಗೆಯಂತೆ ಹಿಂದಕ್ಕೆ ಬಿದ್ದಳು. ಕೈ ಊರಿಕೊಳ್ಳಲೂ ಇಲ್ಲ. ಎತ್ತಿ ಕೂರಿಸಿದಾಗ ಅವಳ ಮುಖದಲ್ಲಿ ನೋವೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಆ ಮುಖ ನೋಡಿ ಅವಳ ಅಣ್ಣನಿಗೆ ಬಾಯಿ ಬಂತು.

"ಇವಳಿಗೆ ಏನೋ ಆಗಿದೆ. ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗೋಣ," ಅಂದ. ಅವನು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ಅತ್ತಿಗೆ ಕೇಳಿದ್ದೇ ಅಪರೂಪ.

ಮೊದಲ ಸಲ ಕೊಟ್ಟ ಮಾತ್ರೆ ಮುಗಿಸಿ ಅವರು ಎರಡನೆಯ ಸಲ ಹೋಗಿದ್ದರು. ನರದ ಡಾಕ್ಟರಮ್ಮನ ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ, ನಡೆದು ತೋರಿಸಲು ಒಂದಿಷ್ಟು ಖಾಲಿ ನೆಲ. ಡಾಕ್ಟರಮ್ಮ ಗಿಳಿಯನ್ನು ಮುಂದಕ್ಕೆ ನಡೆಸಿದರು. ಅವಳು ತುದಿಗಾಲಲ್ಲಿ, ಕೋಳಿಯ ಹಾಗೆ, ಹೆಜ್ಜೆ ಕಿತ್ತಿಟ್ಟು ನಡೆದಳು. "ಈಗ ಹಿಂದಕ್ಕೆ ನಡೀರಿ," ಅಂದರು. ಹಿಂದೆ ನಿಂತಿದ್ದ ಅತ್ತಿಗೆಯ ತೋಳಿಗೆ ಗಿಳಿಯ ಇಡೀ ಭಾರ ಬಂದು ಬಿತ್ತು.

ಆಗಲೇ ತೆಗೆಸಿದ್ದ ತಲೆಯ ಚಿತ್ರಗಳನ್ನು ಡಾಕ್ಟರಮ್ಮ ದೀಪಕ್ಕೆ ಹಿಡಿದು ಮತ್ತೆ ನೋಡಿದರು.

"ವಯಸ್ಸಾದವರಿಗೆ ಬರೋ ನಡುಕದ ಕಾಯಿಲೆ ಅಂತ ಮೊದಲು ಅಂದ್ಕೊಂಡೆ. ಆದ್ರೆ ಇವರಿಗೆ ಕೈ ನಡುಗೋದೇ ಇಲ್ಲ. ಹಿಂದಕ್ಕೆ ಬೀಳ್ತಾರೆ. ಹೋದ ಸಲ ಕೊಟ್ಟ ಮಾತ್ರೆನೂ ನಾಟ್ಲಿಲ್ಲ. ಮ್ಯಾಂಗನೀಸ್ ಕೆಲಸ ಅಂದ್ರಲ್ಲ, ಅದಕ್ಕೆ ಕೇಳ್ತಿದೀನಿ. ನಿಮ್ಮ ಕಾರ್ಖಾನೆಗೆ ಫೋನ್ ಮಾಡಿದ್ದೆ. ಧೂಳೆಳೆಯೋ ಯಂತ್ರ ಯಾವಾಗ್ಲೂ ಓಡ್ತಾ ಇರುತ್ತೆ, ಮಾಸ್ಕ್ ಇಲ್ದೆ ಯಾರೂ ಒಳಗೆ ಹೋಗಲ್ಲ ಅಂದ್ರು. ಹೌದಾ?"

ಗಿಳಿ ಬಾಯಿ ತೆರೆಯಲು ಸ್ವಲ್ಪ ಹೊತ್ತು ಹಿಡಿಯಿತು.

"ಹೌದು," ಅಂದಳು. "ಓಡ್ತಿತ್ತು. ಮಾಸ್ಕೂ ಹಾಕ್ಕೋತಿದ್ದೆ."

ಅತ್ತಿಗೆ ಅವಳ ಕಡೆ ತಿರುಗಿದಳು. ಗಿಳಿ ಗೋಡೆ ನೋಡುತ್ತಿದ್ದಳು. ಯಾಕೆ ಸುಳ್ಳು ಹೇಳುತ್ತಿದ್ದಾಳೆಂದು ಅತ್ತಿಗೆಗೆ ತಿಳಿಯದೇ ಇರಲಿಲ್ಲ. ನಿಜ ಹೇಳಿದರೆ ಮೇಸ್ತ್ರಿಯ ಕೆಲಸಕ್ಕೆ ಕುತ್ತು. ಯಂತ್ರ ನಿಲ್ಲಿಸಿ ಎಂದು ಕೇಳಿದ ಅತ್ತಿಗೆಗೂ. ಅದಕ್ಕಿಂತ ಹೆಚ್ಚಾಗಿ, ಲೋಹದ ಕಾಯಿಲೆ ಎಂದು ತೀರ್ಮಾನವಾದರೆ ಚಕ್ಕೆ ಕೋಣೆಯ ಬಾಗಿಲು ಅವಳಿಗೆ ಮುಚ್ಚಿಹೋಗುತ್ತದೆ. ಗಂಡನನ್ನು ಬಿಟ್ಟ ಹೆಂಗಸನ್ನು ನೋಡಲು ತಲೆಗಳು ಪ್ರೀತಿಯಿಂದ ತಿರುಗುತ್ತಿದ್ದ ಜಾಗ ಅದೊಂದೇ.

"ಹಾಗಿದ್ರೆ ಇದೇ ಮಾತ್ರೆ ಹೆಚ್ಚು ಮಾಡಿ ನೋಡೋಣ," ಡಾಕ್ಟರಮ್ಮ ಪೆನ್ನು ತೆಗೆದುಕೊಂಡರು. "ಸ್ವಲ್ಪ ಚೇತರಿಸ್ಕೊಂಡ ಮೇಲೆ ಕೆಲಸಕ್ಕೆ ಹೋಗಬಹುದು."

ಗಿಳಿಯ ಕೈ ಅತ್ತಿಗೆಯ ಮೊಣಕೈಯನ್ನು ಹಿಡಿದಿತ್ತು. ಅದು ಸ್ವಲ್ಪ ಬಿಗಿಯಾಯಿತು. ಸುಮ್ಮನಿರು ಎಂದು ಹೇಳುತ್ತಿತ್ತು ಆ ಕೈ.

"ಓಡ್ತಿರ್ಲಿಲ್ಲ," ಅಂದಳು ಅತ್ತಿಗೆ.

ಡಾಕ್ಟರಮ್ಮ ತಲೆಯೆತ್ತಿದರು.

"ಯಂತ್ರ ಓಡ್ತಿರ್ಲಿಲ್ಲ ಡಾಕ್ಟರೇ. ನಾವೇ ನಿಲ್ಲಿಸ್ತಿದ್ವಿ. ನಾನೇ ಕೇಳಿ ನಿಲ್ಲಿಸ್ದೆ. ಅದರ ಸದ್ದಿಗೆ ಇವಳ ಮಾತು ಕೇಳಿಸ್ತಿರ್ಲಿಲ್ಲ ಅಂತ. ಇವಳು ಮಾಸ್ಕೂ ಹಾಕ್ತಿರ್ಲಿಲ್ಲ."

"ಅತ್ತಿಗೆ," ಅಂದಳು ಗಿಳಿ.

"ಸುಮ್ನಿರೇ. ನಾನು ಮಾತಾಡ್ತೀನಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಕೈ ನಿಧಾನ ಆಗಿದ್ದು ಯಾವಾಗಿನಿಂದ? ಬಚ್ಚಲಲ್ಲಿ ಬಿದ್ದ ಮೇಲೆ ಅಂತ ಹೋದ ಸಲ ಇವರು ಅಂದಿದ್ರು."

"ಅಲ್ಲ. ಅದಕ್ಕಿಂತ ತುಂಬಾ ಮುಂಚೆ. ಒಂದು ವರ್ಷದ ಮೇಲೇ ಆಯ್ತು." "ನಂಗೆ ಮಾತ್ರ ಗೊತ್ತಿತ್ತು. ಮೇಸ್ತ್ರಿಗೆ ಗೊತ್ತಾಗ್ದೆ ಇರ್ಲಿ ಅಂತ ನಾನೇ ಮುಚ್ಚಿಟ್ಟೆ. ನಂಗೆ ಭುಜ ನೋವು ಅಂತ ಸುಳ್ಳು ಹೇಳ್ದೆ."

ಮೊಣಕೈಯ ಮೇಲಿದ್ದ ಕೈ ನಿಧಾನವಾಗಿ ಸಡಿಲವಾಯಿತು. ಬಿಟ್ಟೂ ಬಿಟ್ಟಿತು. ಹಿಂದೆ ನಿಂತಿದ್ದ ಗಂಡನ ಮೌನ ಈ ಸಲ ಬೇರೆ ತರಹದ್ದಾಗಿತ್ತು.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದರು. "ಈ ಲೋಹ ನಮ್ಮ ಮೈಗೆ ಚೂರು ಬೇಕಾದ್ದೇ. ಕಾಳಲ್ಲಿದೆ, ಸೊಪ್ಪಲ್ಲಿದೆ, ಟೀಯಲ್ಲಿದೆ. ಹೊಟ್ಟೆಗೆ ಹೋಗಿದ್ದು ಹೆಚ್ಚಾದ್ರೆ ದೇಹವೇ ಹೊರಗೆ ಹಾಕುತ್ತೆ. ಉಸಿರಲ್ಲಿ ಹೋಗಿದ್ದಕ್ಕೆ ಆ ಕಾವಲಿಲ್ಲ. ನೆತ್ತರು ಸೇರಿ ಮಿದುಳಿಗೆ ಹೋಗಿ ಕೂರುತ್ತೆ. ನಡಿಗೆ, ಮುಖಭಾವ, ದನಿ, ಇವನ್ನೆಲ್ಲ ನಡೆಸೋ ಜಾಗದಲ್ಲೇ. ಮೊದಮೊದಲು, ಸಿಡುಕು, ನಿಧಾನ ಶುರುವಾದಾಗಲೇ ಧೂಳು ಬಿಟ್ರೆ ಎಷ್ಟೋ ಜನ ಸುಧಾರಿಸ್ತಾರೆ."

"ಈಗ?"

"ಈಗ ಹೆಚ್ಚಾಗದ ಹಾಗೆ ನೋಡ್ಕೋಬಹುದು. ಅದೂ ಖಂಡಿತ ಅಂತ ಹೇಳಕ್ಕಾಗಲ್ಲ. ಆ ಕೋಣೆಗೆ ಮಾತ್ರ ಇವರು ಇನ್ನು ಕಾಲಿಡಬಾರದು. ನೀವು ಈಗ ಹೇಳದೆ ಇದ್ದಿದ್ರೆ ನಾನೇ ವಾಪಸ್ ಕಳಿಸ್ತಿದ್ದೆ."

ಕೊನೆಯ ಮಾತನ್ನು ಅವರು ಸಮಾಧಾನಕ್ಕೆಂದು ಹೇಳಿದ್ದರು. ಅತ್ತಿಗೆಗೆ ಕೇಳಿಸಿದ್ದು ಅದರ ಹಿಂದಿನ ಮಾತು ಮಾತ್ರ. ಮೊದಮೊದಲು, ಆಗಲೇ, ಎಷ್ಟೋ ಜನ. ಪ್ಯಾಕಿಂಗಿನ ಕೋಣೆ ಅಂಗಳದ ಆಚೆಗಿತ್ತು. ಅಲ್ಲಿ ಕಿಟಕಿಗಳಿದ್ದವು. ಅಂಗಳ ದಾಟಲು ಬಿಟ್ಟಿದ್ದರೆ ಸಾಕಿತ್ತು.

ಕಾರ್ಖಾನೆಯಲ್ಲಿ ವಿಚಾರಣೆ ನಡೆಯಿತು. ಯಂತ್ರದ ಗುಂಡಿಗೆ ಕಬ್ಬಿಣದ ಪೆಟ್ಟಿಗೆ ಬಂತು, ಬೀಗ ಬಿತ್ತು. ಮೇಸ್ತ್ರಿಯನ್ನು ಗೇಟಿನ ಕಾವಲಿಗೆ ಹಾಕಿದರು. ಅವನು ಅತ್ತಿಗೆಯನ್ನು ಕಂಡಾಗ ಮುಖ ತಿರುಗಿಸುತ್ತಿರಲಿಲ್ಲ, ಆದರೆ "ಅತ್ತಿಗೇ" ಅನ್ನುವುದನ್ನು ಬಿಟ್ಟು "ಏನಮ್ಮಾ" ಅನ್ನತೊಡಗಿದ. ಎಲ್ಲ ಹೆಂಗಸರನ್ನೂ ಅದೇ ದೊಡ್ಡಾಸ್ಪತ್ರೆಗೆ ಕಳಿಸಿ ಪರೀಕ್ಷೆ ಮಾಡಿಸಿದರು. ಕೊನೆಯ ಚೌಕಟ್ಟಿನ ಒಬ್ಬಳ ಕೈಯಲ್ಲಿ ಆಗಲೇ ಸ್ವಲ್ಪ ನಿಧಾನ ಕಂಡಿತ್ತು. ಅವಳನ್ನು ಪ್ಯಾಕಿಂಗಿಗೆ ಕಳಿಸಿದರು. ಅವಳು ಅಳುತ್ತಾ ಹೋದಳು. ಒಂದೆರಡು ತಿಂಗಳಲ್ಲಿ ಅವಳ ಕೈ ಚುರುಕಾದದ್ದನ್ನು ಅತ್ತಿಗೆ ಅಂಗಳದಲ್ಲಿ ನಿಂತು ನೋಡಿದಳು. ಸೂಜಿ ಏರುತ್ತಿತ್ತು, ಇಳಿಯುತ್ತಿತ್ತು. ಸಂತೋಷಪಡಬೇಕಾದ ನೋಟ ಅದು; ಅವಳು ಬೇಗ ಬೇಗ ಅಲ್ಲಿಂದ ಸರಿದಳು.

ಭೋರ್ಗರೆತದ ನಡುವೆ ಹೊಸ ಜೊತೆಗಾರ್ತಿಯೊಡನೆ ಅತ್ತಿಗೆ ಈಗಲೂ ಪ್ಲೇಟು ಬಡಿಯುತ್ತಾಳೆ. ಒಬ್ಬರ ಕೈ ನೋಡಿ ಒಬ್ಬರು ಏಟು ಹಾಕುವುದನ್ನು ಕಲಿತಿದ್ದಾರೆ. ಅದು ಕಲಿಯಲಾಗದ ವಿದ್ಯೆಯೇನೂ ಆಗಿರಲಿಲ್ಲ.

ಮನೆಯಲ್ಲಿ ಗಿಳಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಾಳೆ. ಆಸ್ಪತ್ರೆಯಿಂದ ಬಂದ ದಿನದಿಂದ ಅವಳು ಅತ್ತಿಗೆಯೊಡನೆ ತಾನಾಗಿ ಮಾತಾಡಿರಲಿಲ್ಲ. ನೀರು ಬೇಕಾ ಎಂದರೆ ಹೂಂ, ಮಲಗ್ತೀಯಾ ಎಂದರೆ ಹೂಂ. ಅದು ಕೋಪವೋ ಕಾಯಿಲೆಯೋ ತಿಳಿಯುವ ದಾರಿಯೇ ಇರಲಿಲ್ಲ. ಕೋಪವಿದ್ದರೆ ಮುಖ ನೋಡಿ ಹೇಳಬಹುದು. ಈ ಮುಖ ಒಗೆದು ಒಣಗಿಸಿದ ಬಟ್ಟೆಯಂತೆ ಸಪಾಟಾಗಿತ್ತು. ಅತ್ತಿಗೆ ಅನ್ನ ತಿನ್ನಿಸುವಾಗ, ಗುಂಡಿ ಹಾಕುವಾಗ, ಆ ಮುಖದಲ್ಲಿ ಒಂದು ಗೆರೆಗಾಗಿ ಹುಡುಕುತ್ತಿದ್ದಳು. ಬೈಗುಳದ ಗೆರೆ ಸಿಕ್ಕರೂ ಸಾಕೆನಿಸುತ್ತಿತ್ತು.

ರಜೆಯ ದಿನ ಮಧ್ಯಾಹ್ನ, ಗಂಡ ಅಂಗಡಿಗೆ ಹೋಗಿದ್ದಾಗ, ಗಿಳಿಯ ತಲೆ ಬಾಚುತ್ತಾ ಅತ್ತಿಗೆ ಕೇಳಿಯೇಬಿಟ್ಟಳು. ಹಿಂದೆ ನಿಂತಿದ್ದರಿಂದ ಕೇಳಲು ಸುಲಭವಾಯಿತೋ ಏನೋ.

"ನನ್ನ ಮೇಲೆ ಸಿಟ್ಟಾ?"

ಬಾಚಣಿಗೆ ಎರಡು ಮೂರು ಸಲ ಇಳಿಯಿತು. ಕೆಳಗೆ ರಸ್ತೆಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು.

"ಯಂತ್ರ ನಿಲ್ಸಿದ್ದಕ್ಕಾ? ಡಾಕ್ಟರ ಮುಂದೆ ಹೇಳಿದ್ದಕ್ಕಾ? ಯಾವುದಕ್ಕೆ ಅಂತಾದ್ರೂ ಹೇಳೇ."

"ಯಂತ್ರಕ್ಕಲ್ಲ," ಅಂದಳು ಗಿಳಿ. ದನಿ ಎಷ್ಟು ಸಣ್ಣದೆಂದರೆ ಅತ್ತಿಗೆ ಬಾಗಬೇಕಾಯಿತು. "ನಂಗೂ ಬೇಕಿತ್ತು ಅದು ನಿಲ್ಲೋದು. ಎಲ್ಲಾರೂ ನನ್ನನ್ನೇ ನೋಡ್ತಿದ್ರು."

ಒಂದೊಂದು ಮಾತನ್ನೂ ಎಲ್ಲಿಂದಲೋ ಹೊತ್ತು ತರುವಂತಿತ್ತು.

"ನಿಂಗೆ ನೋವಿದೆ ಅಂತ ನಾನು ನಿಧಾನ ಬಡೀತಿದ್ದೆ ಅಂದ್ಕೊಂಡಿದ್ದೆ. ನಾನೇ ನಿಧಾನ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಮೇಸ್ತ್ರಿಗೆ ಹೇಳದೆ ಇದ್ದಿದ್ದು ಬಿಡು. ನಂಗೆ... ನಂಗೆ ಹೇಳ್ಬೇಕಿತ್ತು ನೀನು."

ಅತ್ತಿಗೆಯ ಕೈ ನಿಂತಿತು. ಇಷ್ಟು ದಿನವೂ ಅವಳು ತಾನು ಮುಚ್ಚಿಟ್ಟದ್ದು ಮೇಸ್ತ್ರಿಯಿಂದ, ಡಾಕ್ಟರಿಂದ, ಸಾಹೇಬರಿಂದ ಎಂದೇ ಎಣಿಸಿದ್ದಳು. ಪ್ಲೇಟಿನ ಆಚೆ ನಿಂತವಳಿಂದ ಅವಳ ಕೈಯನ್ನೇ ಮುಚ್ಚಿಟ್ಟಿದ್ದೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಗಿಳಿಗೆ ತಿಳಿದಿದ್ದರೆ ಏನು ಮಾಡುತ್ತಿದ್ದಳು? ತಾನೇ ಡಾಕ್ಟರ ಬಳಿಗೆ ಹೋಗುತ್ತಿದ್ದಳೋ, ಹೋಗದೆ ಅಲ್ಲೇ ಉಳಿಯುತ್ತಿದ್ದಳೋ. ಅದನ್ನು ತೀರ್ಮಾನಿಸುವ ಹಕ್ಕು ಅವಳದಾಗಿತ್ತು. ಅದು ಅವಳಿಗೆ ಸಿಗಲೇ ಇಲ್ಲ. ಹಾಗೆ ಮಾಡಿದ್ದು ತನ್ನ ಪ್ರೀತಿ ಎಂದು ಹೇಳಿಕೊಳ್ಳಲು ಈಗ ಅತ್ತಿಗೆಗೆ ನಾಚಿಕೆಯಾಯಿತು.

ಬಾಚಣಿಗೆ ಗಿಳಿಯ ಕೂದಲಲ್ಲಿ ಅರ್ಧಕ್ಕೇ ನಿಂತಿತ್ತು.

"ಸಿಟ್ಟಿದೆ," ಅಂದಳು ಗಿಳಿ, ಕಿಟಕಿಯ ಕಡೆಗೇ ಮುಖ ಮಾಡಿ. "ತುಂಬಾ ಇದೆ. ಹಾಗಂತ ಅರ್ಧ ತಲೆ ಬಾಚಿ ಬಿಡ್ಬೇಡ."

ಅತ್ತಿಗೆ ಮತ್ತೆ ಬಾಚತೊಡಗಿದಳು. ಬುಡದಲ್ಲಿ ಒಂದು ಸಿಕ್ಕಿತ್ತು. ಎಳೆದರೆ ನೋಯುತ್ತದೆಂದು ಬೆರಳಲ್ಲಿ ಬಿಡಿಸಲು ಹೋದವಳು, ತಡೆದು ಕೇಳಿದಳು:

"ಇಲ್ಲಿ ಗಂಟಾಗಿದೆ. ಎಳೆದ್ರೆ ನೋಯುತ್ತೆ. ಎಳೀಲಾ?"